ತಬಲಿ ತಗ್ಗಿದ ತಂಬೂರಿ

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಹಳೆಯ ಮನೆಗಳಲ್ಲಿ, ಮಠಗಳಲ್ಲಿ, ಭಜನಾ ಮಂಡಳಿಗಳ ಕೋಣೆಗಳಲ್ಲಿ ಗೋಡೆಗೆ ಒರಗಿ ನಿಂತ ತಂಬೂರಿಗಳು ಇಂದಿಗೂ ಕಾಣಸಿಗುತ್ತವೆ. ಅಜ್ಜಂದಿರ ಕಾಲದಲ್ಲಿ ಏಕಾದಶಿಯ ರಾತ್ರಿ ಕನ್ನಡದ ತತ್ವಪದಕ್ಕೂ ಮರಾಠಿಯ ಅಭಂಗಕ್ಕೂ ಒಂದೇ ಶ್ರುತಿಯನ್ನು ಹಿಡಿದು ಕೊಟ್ಟ ವಾದ್ಯವು ಈಗ ಗವುಸು ಹರಿದು, ಎರಡು ತಂತಿ ತುಂಡಾಗಿ, ಮಕ್ಕಳ ಕೈಗೆ ನಿಲುಕದಂತೆ ಮೂಲೆ ಸೇರಿರುತ್ತದೆ. ಕಾರಣ ಕೇಳಿದರೆ ಬಹುತೇಕ ಕಡೆ ಬರುವ ಉತ್ತರ ಒಂದೇ: ತಬಲಿ ತಗ್ಗಿದೆ, ಹಲಗೆ ಬಾಗಿದೆ, ಇನ್ನು ಅದು ನುಡಿಯದು. ಹಳೆಯ ಸಾಮಾನು ಕೊಳ್ಳುವವನು ಬಂದರೆ ಅಲಂಕಾರದ ವಸ್ತುವೆಂದು ಅದನ್ನು ನಾಲ್ಕು ಕಾಸಿಗೆ ಒಯ್ಯುತ್ತಾನೆ. ಮನೆಯವರೂ ಜಾಗ ಖಾಲಿಯಾಯಿತೆಂದು ಸುಮ್ಮನಾಗುತ್ತಾರೆ.

ಇದು ವಿಚಾರಣೆಯಿಲ್ಲದೆ ಕೊಟ್ಟ ತೀರ್ಪು. ಬಾಗಿದ ಹಲಗೆಯೆಲ್ಲ ಕೆಟ್ಟ ಹಲಗೆಯಲ್ಲ. ಕೆಲವು ಬಾಗುಗಳು ವಾದ್ಯದೊಡನೆ ಹುಟ್ಟಿದವು. ಕೆಲವು ಋತುವಿನೊಡನೆ ಬಂದು ಋತುವಿನೊಡನೆ ಹೋಗುವಂಥವು. ಕೆಲವು ಮಾತ್ರ ನಿಜವಾದ ದೋಷಗಳು, ಅವುಗಳಲ್ಲಿಯೂ ಹೆಚ್ಚಿನವು ದುರಸ್ತಿಗೆ ಒಳಪಡುವಂಥವು. ಯಾವುದು ಯಾವ ಬಗೆಯದೆಂದು ತಿಳಿಯುವ ಮೊದಲೇ ವಾದ್ಯವನ್ನು ಮಾರುವುದು ಎಷ್ಟು ತಪ್ಪೋ, ಬಾಗನ್ನು ಬಲವಂತದಿಂದ ನೆಟ್ಟಗೆ ಮಾಡಹೊರಡುವುದೂ ಅಷ್ಟೇ ತಪ್ಪು.

ತಬಲಿಯೆಂದರೆ ತಂಬೂರಿಯ ಬುರುಡೆಯ ಬಾಯಿಗೆ ಮುಚ್ಚಿದ ಮರದ ಹಲಗೆ. ತಂತಿಯೊಂದನ್ನು ಗಾಳಿಯಲ್ಲಿ ಬಿಗಿದು ಮೀಟಿದರೆ ಅದರ ದನಿ ಪಕ್ಕದವನಿಗೂ ಸರಿಯಾಗಿ ಕೇಳಿಸದು. ಎಳೆಯ ತಂತಿಯು ಸುತ್ತಲಿನ ಗಾಳಿಯನ್ನು ಬಹಳವಾಗಿ ಅಲುಗಿಸಲಾರದು. ಅದೇ ತಂತಿ ಕುದುರೆಯ ಮೇಲೆ ಹಾಯ್ದು ಬಂದಾಗ ಅದರ ಕಂಪನವು ಕುದುರೆಯ ಮೂಲಕ ತಬಲಿಗೆ ಇಳಿಯುತ್ತದೆ, ಅಗಲವಾದ ತಬಲಿ ಗಾಳಿಯನ್ನು ಅಲುಗಿಸುತ್ತದೆ, ಒಳಗಿನ ಪೊಳ್ಳು ಅದಕ್ಕೆ ತುಂಬುದನಿಯನ್ನು ಕೊಡುತ್ತದೆ. ಗಿಟಾರಿನ ಮುಂಭಾಗದ ಹಲಗೆಯ ಕೆಲಸವೂ ಇದೇ. ಸ್ಪೇನ್ ದೇಶದ ಪ್ರಸಿದ್ಧ ಗಿಟಾರ್ ತಯಾರಕ ಆಂತೋನಿಯೊ ದೆ ತೊರೆಸ್ 1862ರಲ್ಲಿ ಒಂದು ವಿಚಿತ್ರ ವಾದ್ಯವನ್ನು ಕಟ್ಟಿದನು. ಅದರ ಹಿಂಬದಿ ಮತ್ತು ಪಕ್ಕಗಳು ಕಾಗದದ ರಟ್ಟಿನವು, ಮುಂದಿನ ಹಲಗೆ ಮಾತ್ರ ಒಳ್ಳೆಯ ಮರದ್ದು. ಗಿಟಾರಿನ ದನಿಯ ಮೂಲವು ಮುಂದಿನ ಹಲಗೆಯೇ ಹೊರತು ಉಳಿದ ಮರವಲ್ಲ ಎಂಬುದನ್ನು ತೋರಿಸುವುದು ಅವನ ಉದ್ದೇಶವಾಗಿತ್ತು. ಆದುದರಿಂದ ಹಲಗೆಯ ದುರಸ್ತಿಯೆಂದರೆ ವಾದ್ಯದ ಹೊರಮೈಯ ದುರಸ್ತಿಯಲ್ಲ, ಅದರ ಕಂಠದ ದುರಸ್ತಿ.

ಈ ಭಾಗದ ತಂಬೂರಿಗಳ ತವರು ಬಹುಮಟ್ಟಿಗೆ ಮಿರಜ. ಹತ್ತೊಂಬತ್ತನೆಯ ಶತಮಾನದಲ್ಲಿ ಪಟವರ್ಧನ ಸಂಸ್ಥಾನಿಕರ ಆಶ್ರಯದಲ್ಲಿ ಅಲ್ಲಿ ತಂತಿವಾದ್ಯಗಳ ತಯಾರಿಕೆ ಬೇರೂರಿತು. ಅದನ್ನು ಆರಂಭಿಸಿದವರು ಕತ್ತಿಗಳನ್ನು ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು. ಯುದ್ಧಗಳು ನಿಂತು ಆಯುಧದ ಕೆಲಸ ಕಡಿಮೆಯಾದಂತೆ ಅವರ ಕೈಗಳು ಸಿತಾರ, ತಂಬೂರಿಗಳತ್ತ ಹೊರಳಿದವು. ಆ ಪರಂಪರೆಯ ಮೂಲಪುರುಷನೆಂದು ಫರೀದಸಾಹೇಬರ ಹೆಸರನ್ನು ಹೇಳುತ್ತಾರೆ. ಮುಂದೆ ಅವರ ವಂಶಸ್ಥರಿಗೆ ಸಿತಾರಮೇಕರ್ ಎಂಬುದೇ ಮನೆತನದ ಹೆಸರಾಯಿತು. 2024ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು.

ಮಿರಜಕ್ಕೂ ಕನ್ನಡಕ್ಕೂ ಇರುವ ನಂಟನ್ನು ಗಡಿನಾಡಿನ ಮಕ್ಕಳು ಅರಿತಿರಬೇಕು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರು ನೆಲೆ ನಿಂತದ್ದು ಅಲ್ಲಿಯೇ. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಇರುವುದೂ ಅಲ್ಲಿಯೇ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿ. ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ಸಂಗೀತ ಕಲಿತದ್ದು ಮಿರಜದ ನೀಲಕಂಠಬುವಾ ಅವರ ಬಳಿ. ಇವರೆಲ್ಲರ ಬೆನ್ನ ಹಿಂದೆ ಮೊಳಗಿದ ಶ್ರುತಿಯ ಊರು ಯೆಣೆಗೂರದಿಂದ ಬಹು ದೂರವೇನಲ್ಲ. ಸೊಲ್ಲಾಪುರ, ಪಂಢರಪುರಗಳನ್ನು ದಾಟಿದರೆ ಮಿರಜದ ದಾರಿ. ಲಾತೂರಿನಿಂದ ಕುರ್ಡುವಾಡಿ, ಪಂಢರಪುರಗಳ ಮೂಲಕ ಹಾಯುತ್ತಿದ್ದ ಬಾರ್ಶಿ ಲೈಟ್ ರೈಲ್ವೆಯ ಕಿರಿದಾರಿಯೂ 1927ರಲ್ಲಿ ಮಿರಜವನ್ನು ಮುಟ್ಟಿತ್ತು.

ತಂಬೂರಿಯ ಬುರುಡೆಗೆ ಬೇಕಾದ ದೊಡ್ಡ ಸೋರೆಗಳು ಬೆಳೆಯುವುದು ಆ ದಾರಿಯಲ್ಲಿಯೇ, ಪಂಢರಪುರದ ಸುತ್ತಲಿನ ಭೀಮಾತೀರದ ಹೊಲಗಳಲ್ಲಿ. ಬಲಿತ ಸೋರೆಯನ್ನು ತಿಂಗಳುಗಟ್ಟಲೆ ಒಣಗಿಸಿ, ಬಾಯಿ ಕೊರೆದು, ಒಳಗಿನ ತಿರುಳನ್ನು ತೆಗೆದು ಬುರುಡೆ ಮಾಡುತ್ತಾರೆ. ದಂಡಿ ಮತ್ತು ತಬಲಿಗಳಿಗೆ ತೂನ್ ಎಂಬ ಹಗುರವಾದ ಕೆಂಪು ಮರ ಅಥವಾ ಸಾಗವಾನಿ. ಇವೆರಡನ್ನೂ ಹಿಡಿದಿಡುವುದು ಅಂಟು. ಹೊರಗಿನ ಹೊಳಪು ಅರಗಿನದು. ಸೋರೆ, ಮರ, ಅಂಟು, ಅರಗು ಇವೆಲ್ಲ ಒಂದು ಕಾಲದಲ್ಲಿ ಜೀವವಿದ್ದ ವಸ್ತುಗಳು. ಬಿಸಿಲಿಗೂ ತೇವಕ್ಕೂ ಅವು ಓಗೊಡುತ್ತಲೇ ಇರುತ್ತವೆ.

ತಬಲಿ ಏಕೆ ಬಾಗುತ್ತದೆ? ಮೊದಲ ಕಾರಣ ಹವೆ. ಮರವು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಹವೆಯಲ್ಲಿ ತೇವವನ್ನು ಬಿಟ್ಟು ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಅಲ್ಲ. ಎಳೆಯ ಉದ್ದಕ್ಕೆ ಬದಲಾವಣೆ ಅತ್ಯಲ್ಪ. ಎಳೆಗೆ ಅಡ್ಡಲಾಗಿ ಹೆಚ್ಚು. ಅಡ್ಡದಲ್ಲಿಯೂ ಕಾಂಡದ ಸುತ್ತುಬಳೆಯ ದಿಕ್ಕಿನಲ್ಲಿ ಆಗುವ ಹಿಗ್ಗು, ತಿರುಳಿನಿಂದ ತೊಗಟೆಯ ದಿಕ್ಕಿಗೆ ಆಗುವುದರ ಸುಮಾರು ಇಮ್ಮಡಿ. ಈ ಅಸಮತೆಯಿಂದಲೇ ಹಲಗೆ ತಿರುಚುತ್ತದೆ, ಬಾಗುತ್ತದೆ, ಸೀಳುತ್ತದೆ. ಮರಾಠವಾಡದ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುತ್ತದೆ. ಮಧ್ಯಾಹ್ನದ ಗಾಳಿಯ ತೇವಾಂಶ ಶೇಕಡಾ 30ಕ್ಕಿಂತ ಕೆಳಗಿಳಿಯುತ್ತದೆ. ಮೃಗಶಿರಾ ಮಳೆ ಬಿದ್ದ ಎರಡು ವಾರಗಳಲ್ಲಿ ಅದೇ ಕೋಣೆಯ ಉಪ್ಪಿನ ಡಬ್ಬಿ ನೀರೊಡೆಯುತ್ತದೆ. ಬೇಸಗೆಯಲ್ಲಿ ಸೆಳೆತುಕೊಳ್ಳುವ ಬಾಗಿಲು ಮಳೆಗಾಲದಲ್ಲಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದನ್ನು ಎಲ್ಲರೂ ಬಲ್ಲರು. ಬಾಗಿಲಿಗೆ ಆಗುವುದೇ ತಬಲಿಗೂ ಆಗುತ್ತದೆ. ಆದರೆ ತಬಲಿಯು ಬಾಗಿಲಿನಷ್ಟು ದಪ್ಪವಲ್ಲ, ಮೇಲಾಗಿ ಅದು ವರ್ಷವಿಡೀ ಭಾರ ಹೊತ್ತು ನಿಂತಿರುತ್ತದೆ.

ಆ ಭಾರವೇ ಎರಡನೆಯ ಕಾರಣ. ಇಲ್ಲಿ ತಂಬೂರಿಗೂ ಗಿಟಾರಿಗೂ ಒಂದು ಮುಖ್ಯ ಭೇದವಿದೆ. ಗಡಿನಾಡಿನ ಶಾಲೆಗಳ ಮಕ್ಕಳ ಕೈಗೆ ಈಗ ಗಿಟಾರೂ ಬಂದಿರುವುದರಿಂದ ಆ ಭೇದವನ್ನು ತಿಳಿದಿರುವುದು ಒಳಿತು. ತಂಬೂರಿಯ ತಂತಿಗಳು ಬುರುಡೆಯ ಬುಡದಲ್ಲಿ ಕಟ್ಟಲ್ಪಟ್ಟು, ಕುದುರೆಯ ಮೇಲೆ ಹಾಯ್ದು, ದಂಡಿಯ ತುದಿಯ ಬಿರಡೆಗಳಿಗೆ ಸೇರುತ್ತವೆ. ಕುದುರೆಯು ತಂತಿಗಳ ಕೆಳಗೆ ಕುಳಿತಿರುವುದರಿಂದ ಅವು ಅದನ್ನು ಕೆಳಕ್ಕೆ ಒತ್ತುತ್ತವೆ. ಕಾಲಾಂತರದಲ್ಲಿ ತಬಲಿ ಕುದುರೆಯ ಕೆಳಗೆ ತಗ್ಗುತ್ತದೆ. ಗಿಟಾರಿನಲ್ಲಿ ತಂತಿಗಳು ಕುದುರೆಗೇ ಕಟ್ಟಲ್ಪಟ್ಟಿವೆ, ಕುದುರೆಯು ಹಲಗೆಗೆ ಅಂಟಿಸಲ್ಪಟ್ಟಿದೆ. ಉಕ್ಕಿನ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋ ಭಾರಕ್ಕೆ ಸಮ. ಅದನ್ನು ತಡೆದು ನಿಲ್ಲುವ ಹಲಗೆಯ ದಪ್ಪ 3 ಮಿಲಿಮೀಟರಿನ ಆಸುಪಾಸು. ಈ ಎಳೆತವು ಕುದುರೆಯನ್ನು ಮುಂದಕ್ಕೆ ಮಗುಚಲು ಯತ್ನಿಸುತ್ತದೆ. ಅದರಿಂದ ಕುದುರೆಯ ಹಿಂದೆ ಹಲಗೆ ಉಬ್ಬುತ್ತದೆ, ಮುಂದೆ ತಗ್ಗುತ್ತದೆ. ತಂಬೂರಿಯ ರೋಗ ತಗ್ಗು. ಗಿಟಾರಿನ ರೋಗ ಉಬ್ಬು. ಎರಡಕ್ಕೂ ಒಂದೇ ಮದ್ದನ್ನು ಹಚ್ಚಲಾಗದು.

ಇನ್ನು ಬಾಗೆಲ್ಲ ರೋಗವೂ ಅಲ್ಲ. ತಂಬೂರಿಯ ತಬಲಿಯನ್ನು ಕುಶಲಕರ್ಮಿಯು ಮೊದಲಿನಿಂದಲೇ ತುಸು ಉಬ್ಬಾಗಿ ಕೆತ್ತಿರುತ್ತಾನೆ. ಕಮಾನಿನಂತೆ ಉಬ್ಬಿದ ಹಲಗೆ ಭಾರವನ್ನು ಸಪಾಟು ಹಲಗೆಗಿಂತ ಚೆನ್ನಾಗಿ ಹೊರುತ್ತದೆ. ಉಕ್ಕಿನ ತಂತಿಯ ಗಿಟಾರುಗಳಲ್ಲಿಯೂ ಬಹುತೇಕ ಹಲಗೆಗಳಿಗೆ ಕಣ್ಣಿಗೆ ಹತ್ತದಷ್ಟು ಉಬ್ಬನ್ನು ಕೊಟ್ಟಿರುತ್ತಾರೆ. ಇದನ್ನರಿಯದೆ ಅಳತೆಪಟ್ಟಿಯನ್ನಿಟ್ಟು, ಹಲಗೆ ಸಪಾಟಾಗಿಲ್ಲವೆಂದು ಹೌಹಾರುವವರುಂಟು. ಸಪಾಟು ಮಾಡಲು ಹೋಗಿ ಒಳ್ಳೆಯ ಹಲಗೆಯನ್ನು ಸೀಳಿದವರೂ ಉಂಟು.

ಹಾಗಾದರೆ ದೋಷವನ್ನು ಗುರುತಿಸುವುದು ಹೇಗೆ? ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳಿವೆ, ಅವಕ್ಕೆ ವಿಶೇಷ ಉಪಕರಣ ಬೇಕಿಲ್ಲ. ಮೊದಲು ವಾದ್ಯವನ್ನು ಕಿಟಕಿಯ ಬೆಳಕಿಗೆ ಅಡ್ಡಲಾಗಿ ಹಿಡಿದು, ತಬಲಿಯ ಮೇಲೆ ಬೆಳಕು ಓರೆಯಾಗಿ ಬೀಳುವಂತೆ ನೋಡಬೇಕು. ಉಬ್ಬು ಎಲ್ಲೆಡೆ ನಯವಾಗಿ ಹರಿದಿದ್ದರೆ ಅದು ಹುಟ್ಟಿನದು. ಕುದುರೆಯ ಕಾಲುಗಳ ಸುತ್ತ ಮಾತ್ರ ಹಠಾತ್ತನೆ ಗುಳಿ ಬಿದ್ದಿದ್ದರೆ ಅದು ದೋಷ. ಎರಡನೆಯದಾಗಿ, ಬೆರಳ ಗಿಣ್ಣಿನಿಂದ ತಬಲಿಯನ್ನು ಅಲ್ಲಲ್ಲಿ ಮೃದುವಾಗಿ ತಟ್ಟಬೇಕು. ಗಟ್ಟಿಯಾದ ಹಲಗೆ ದುಂಡುದನಿಯನ್ನು ಕೊಡುತ್ತದೆ. ಅಂಟು ಬಿಟ್ಟ ಕಡೆ ಒಡಕು ಮಡಕೆಯ ಸದ್ದು ಬರುತ್ತದೆ. ಮೂರನೆಯದಾಗಿ, ತಬಲಿಯೂ ಬುರುಡೆಯೂ ಕೂಡುವ ಅಂಚಿನಲ್ಲಿ ಒಂದು ತೆಳುಕಾಗದವನ್ನು ಸೇರಿಸಲು ಪ್ರಯತ್ನಿಸಬೇಕು. ಅದು ಒಳಹೋದರೆ ಆ ಜಾಗದಲ್ಲಿ ಬೆಸುಗೆ ತೆರೆದಿದೆ. ಗಿಟಾರಾದರೆ ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯ ಎತ್ತರವನ್ನು ಅಳೆಯಬೇಕು. ದಪ್ಪ ತಂತಿಯ ಕೆಳಗೆ ಸುಮಾರು ಎರಡೂವರೆ ಮಿಲಿಮೀಟರ್ ಇದ್ದರೆ ಸಾಮಾನ್ಯ. ನಾಲ್ಕನ್ನು ಮೀರಿದರೆ ಮಗುವಿನ ಬೆರಳು ನೋಯುತ್ತದೆ. ಎಷ್ಟೋ ಮಕ್ಕಳು ಗಿಟಾರನ್ನು ಬಿಡುವುದು ಆಸಕ್ತಿ ಇಲ್ಲದ್ದರಿಂದಲ್ಲ, ವಾದ್ಯದ ಉಬ್ಬಿನಿಂದ ತಂತಿ ಮೇಲೆದ್ದು ಒತ್ತಲಾಗದ್ದರಿಂದ.

ನಾಲ್ಕನೆಯ ಪರೀಕ್ಷೆಗೆ ತಾಳ್ಮೆ ಬೇಕು. ಇಂದಿನ ಅಳತೆಯನ್ನು ಒಂದು ಚೀಟಿಯ ಮೇಲೆ ಬರೆದಿಟ್ಟು, ಹವೆ ಬದಲಾದ ಮೇಲೆ ಮತ್ತೆ ಅಳೆಯಬೇಕು. ಮಳೆಗಾಲದಲ್ಲಿ ಕಂಡ ಬಾಗು ದೀಪಾವಳಿಯ ಹೊತ್ತಿಗೆ ತಾನಾಗಿ ಇಳಿದಿದ್ದರೆ ಅದು ಋತುವಿನ ಬಾಗು. ಅದಕ್ಕೆ ಕೈ ಹಚ್ಚಬಾರದು. ವರ್ಷ ತಿರುಗಿದರೂ ಇಳಿಯದೆ ಬೆಳೆಯುತ್ತಲೇ ಇರುವ ಬಾಗು ಮಾತ್ರ ದುರಸ್ತಿಗೆ ಅರ್ಹವಾದದ್ದು.

ತಂಬೂರಿಯ ವಿಷಯದಲ್ಲಿ ಕಣ್ಣಿಗಿಂತ ಕಿವಿಯ ಸಾಕ್ಷ್ಯವೇ ದೊಡ್ಡದು. ತಂಬೂರಿಯ ಕುದುರೆ ಅಗಲವಾದದ್ದು, ಅದರ ಮೇಲ್ಮೈ ಅತಿ ನಯವಾದ ಇಳಿಜಾರು. ತಂತಿಯು ಆ ಇಳಿಜಾರನ್ನು ಸವರುತ್ತ ಕಂಪಿಸುತ್ತದೆ. ತಂತಿಗೂ ಕುದುರೆಗೂ ನಡುವೆ ಇಟ್ಟ ನೂಲೆಳೆ, ಅಂದರೆ ಜೀವಾಳ, ಆ ಸವರುವಿಕೆಯನ್ನು ಹದಕ್ಕೆ ತರುತ್ತದೆ. ಹೀಗೆ ಹುಟ್ಟುವ ಗುಂಯ್‌ಗುಡುವ ತುಂಬುನಾದಕ್ಕೆ ಜವಾರಿ ಎನ್ನುತ್ತಾರೆ. ಸರ್ ಸಿ. ವಿ. ರಾಮನ್ನರು 1921ರಲ್ಲಿ ಭಾರತೀಯ ತಂತಿವಾದ್ಯಗಳನ್ನು ಕುರಿತು ಪ್ರಕಟಿಸಿದ ಲೇಖನದಲ್ಲಿ ಈ ಕುದುರೆಯ ವಿಶೇಷವನ್ನು ವಿವರಿಸಿದರು. ಸಾಮಾನ್ಯ ವಾದ್ಯದಲ್ಲಿ ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಕೇಳಿಸಬಾರದು. ತಂಬೂರಿಯಲ್ಲಿ ಅವೂ ಗಟ್ಟಿಯಾಗಿ ಕೇಳಿಸುತ್ತವೆ ಎಂಬುದನ್ನು ಅವರು ತೋರಿಸಿದರು. ಇಷ್ಟು ಸೂಕ್ಷ್ಮವಾದ ಏರ್ಪಾಡು ನಿಂತಿರುವುದು ತಬಲಿಯ ಮೇಲೆ. ತಬಲಿ ಒಂದು ಬದಿಗೆ ಕೂದಲೆಳೆಯಷ್ಟು ತಗ್ಗಿದರೂ ಕುದುರೆ ವಾಲುತ್ತದೆ, ಇಳಿಜಾರಿನ ಕೋನ ಕೆಡುತ್ತದೆ, ಜವಾರಿ ಅಳಿಯುತ್ತದೆ. ಒಂದು ತಂತಿ ನುಡಿದು ಪಕ್ಕದ್ದು ಮಂಕಾಗಿದ್ದರೆ, ಜೀವಾಳವನ್ನು ಎಷ್ಟು ಸರಿಸಿದರೂ ಹದ ಸಿಗದಿದ್ದರೆ, ತಬಲಿಯನ್ನೂ ಕುದುರೆಯನ್ನೂ ಜಾಣನೊಬ್ಬನಿಗೆ ತೋರಿಸುವ ಸಮಯ ಬಂದಿತೆಂದು ತಿಳಿಯಬೇಕು.

ದುರಸ್ತಿಯ ಕ್ರಮದಲ್ಲಿ ಮೊದಲನೆಯದು ಭಾರವನ್ನು ಇಳಿಸುವುದು. ಬಿರಡೆಗಳನ್ನು ನಿಧಾನವಾಗಿ, ಎಲ್ಲ ತಂತಿಗಳನ್ನೂ ಸಮವಾಗಿ ಸಡಿಲಿಸಿ, ವಾದ್ಯವನ್ನು ಬಿಸಿಲೂ ತೇವವೂ ಇಲ್ಲದ ಕೋಣೆಯಲ್ಲಿ ಕೆಲವು ವಾರ ಬಿಡಬೇಕು. ಸೌಮ್ಯವಾದ ಬಾಗು ಇಷ್ಟರಿಂದಲೇ ಹಿಂದೆ ಸರಿಯುವುದುಂಟು. ಎರಡನೆಯದು ಕಾರಣವನ್ನು ಹುಡುಕುವುದು: ಅಂಚಿನ ಅಂಟು ಬಿಟ್ಟಿದೆಯೇ, ಒಳಗೆ ಆಧಾರದ ಪಟ್ಟಿ ಸಡಿಲಾಗಿದೆಯೇ, ಬೇಕಾದದ್ದಕ್ಕಿಂತ ದಪ್ಪ ತಂತಿ ಹಾಕಿದ್ದಾರೆಯೇ, ಹಲಗೆ ಸೀಳಿದೆಯೇ? ಅಂಟು ಬಿಟ್ಟಿದ್ದರೆ ಹಳೆಯ ಅಂಟನ್ನು ತೆಗೆದು ಹೊಸದಾಗಿ ಬೆಸೆಯುವುದು, ಸೀಳಿದ್ದರೆ ಒಳಬದಿಯಿಂದ ಸಣ್ಣ ಮರದ ಚೂರುಗಳನ್ನು ಎಳೆಗೆ ಅಡ್ಡಲಾಗಿ ಅಂಟಿಸಿ ಸೀಳನ್ನು ತಡೆಯುವುದು, ತಂತಿ ದಪ್ಪವಾಗಿದ್ದರೆ ಬದಲಿಸುವುದು. ಕಾರಣವನ್ನು ನೀಗಿಸಿದ ಮೇಲೆಯೇ ಬಾಗಿಗೆ ಕೈ ಹಾಕುವುದು ನ್ಯಾಯ. ಮೂಲವನ್ನು ಬಿಟ್ಟು ಬಾಗನ್ನು ಮಾತ್ರ ಒತ್ತಿ ಸರಿಪಡಿಸಿದರೆ ಮುಂದಿನ ಮಳೆಗಾಲಕ್ಕೆ ಅದು ಮರಳಿ ಬರುತ್ತದೆ.

ಮೂರನೆಯದು ಬಾಗಿನ ತಿದ್ದುಗೆ. ಗಿಟಾರಿನಲ್ಲಿ ಉಬ್ಬಿದ ಭಾಗಕ್ಕೆ ಒಳಗಿನಿಂದ ತುಸು ತೇವವನ್ನು ಕೊಟ್ಟು, ಹದವಾಗಿ ಕಾಯಿಸಿದ ಹಲಗೆತುಂಡುಗಳ ನಡುವೆ ಹಿಡಿಕೆಗಳಿಂದ ಬಿಗಿದು, ಕೆಲವು ದಿನ ಹಾಗೆಯೇ ಆರಗೊಡುತ್ತಾರೆ. ಬೆಚ್ಚಗಾದ ತೇವದ ಮರ ಮೆತ್ತಗಾಗುತ್ತದೆ, ಆರುವಾಗ ಹೊಸ ಆಕಾರವನ್ನು ಹಿಡಿಯುತ್ತದೆ. ಕೆಲವು ಗಿಟಾರುಗಳಲ್ಲಿ ಕುದುರೆಯ ಕೆಳಗಿನಿಂದ ಬುಡದ ಕಟ್ಟೆಯವರೆಗೆ ಒಂದು ಕೋಲನ್ನು ಒಳಗೆ ಜೋಡಿಸಿ, ಕುದುರೆ ಮಗುಚುವುದನ್ನು ತಡೆಯುವ ಉಪಾಯವೂ ಉಂಟು. ತಂಬೂರಿಯಲ್ಲಿ ತಗ್ಗು ಸ್ವಲ್ಪವಿದ್ದರೆ ತಬಲಿಯನ್ನು ಮುಟ್ಟದೆಯೇ, ಕುದುರೆಯ ಕಾಲುಗಳನ್ನು ಹೊಸ ಮಟ್ಟಕ್ಕೆ ಹೊಂದಿಸಿ ಜವಾರಿಯನ್ನು ಮತ್ತೆ ತೆರೆದರೆ ಸಾಕು. ತಗ್ಗು ಹೆಚ್ಚಿದ್ದರೆ ತಬಲಿಯನ್ನು ಬುರುಡೆಯಿಂದ ಬಿಡಿಸಿ, ಒಳಗಿನಿಂದ ಆಧಾರ ಕೊಟ್ಟು, ಮತ್ತೆ ಮುಚ್ಚಬೇಕಾಗುತ್ತದೆ. ಇದು ಮನೆಯ ಕೆಲಸವಲ್ಲ, ಕಲಿತ ಕೈಯ ಕೆಲಸ.

ತಬಲಿಯನ್ನು ಬಿಡಿಸುವುದು ಸಾಧ್ಯವಾಗುವುದು ಹಳೆಯವರು ಬಳಸಿದ ಅಂಟಿನ ಗುಣದಿಂದ. ತೊಗಲನ್ನು ಕುದಿಸಿ ತೆಗೆದ ಸರೇಸು ಶಾಖಕ್ಕೂ ತೇವಕ್ಕೂ ಕರಗುತ್ತದೆ. ಒಣಗಿದಾಗ ಗಾಜಿನಂತೆ ಗಟ್ಟಿಯಾಗುತ್ತದೆ. ಬೆಸುಗೆಯನ್ನು ಒಂದು ದಿನ ಬಿಡಿಸಬೇಕಾದೀತು ಎಂಬ ಮುಂದಾಲೋಚನೆ ಆ ಅಂಟಿನಲ್ಲಿಯೇ ಅಡಗಿದೆ. ಪೇಟೆಯಲ್ಲಿ ದೊರೆಯುವ ಬಿಳಿ ಅಂಟು ಕಪಾಟಿಗೆ ಒಳ್ಳೆಯದು, ವಾದ್ಯಕ್ಕಲ್ಲ. ಸತತವಾದ ಎಳೆತದ ಕೆಳಗೆ ಅದು ಸ್ವಲ್ಪ ಸ್ವಲ್ಪವಾಗಿ ಜಾರುತ್ತದೆ, ಮೇಲಾಗಿ ಮರದೊಳಗೆ ಇಳಿದು ಮುಂದಿನ ದುರಸ್ತಿಗೆ ಅಡ್ಡಿಯಾಗುತ್ತದೆ. ತಬಲಿಯ ಮೇಲೆ ಕಲ್ಲು ಹೇರುವುದು, ಒದ್ದೆ ಬಟ್ಟೆ ಹಾಸಿ ಬಿಸಿಲಿಗಿಡುವುದು, ಇಸ್ತ್ರಿಪೆಟ್ಟಿಗೆ ಒತ್ತುವುದು, ಮೊಳೆ ಹೊಡೆಯುವುದು, ಹೊಳಪಿಗೆಂದು ದಪ್ಪನೆ ಬಣ್ಣ ಬಳಿಯುವುದು ಇವೆಲ್ಲ ರೋಗಕ್ಕಿಂತ ಕ್ರೂರವಾದ ಚಿಕಿತ್ಸೆಗಳು.

ಕೆಲವೊಮ್ಮೆ ಹಲಗೆಯನ್ನೇ ಬದಲಿಸುವುದು ಅನಿವಾರ್ಯ. ಹುಳು ತಿಂದು ಪುಡಿಯಾದ, ಹಿಂದಿನ ದುರಸ್ತಿಗಳಲ್ಲಿ ಉಜ್ಜಿ ಉಜ್ಜಿ ತೀರ ತೆಳುವಾದ, ಹಲವು ಕಡೆ ಸೀಳಿದ ತಬಲಿಯನ್ನು ಉಳಿಸಲಾಗದು. ಆದರೆ ಅದು ಕೊನೆಯ ಉಪಾಯವಾಗಬೇಕೇ ಹೊರತು ಮೊದಲನೆಯದಲ್ಲ. ತಬಲಿ ಬದಲಾದರೆ ತಂಬೂರಿಯ ಹೆಸರು ಉಳಿಯುತ್ತದೆ, ದನಿ ಬೇರೆಯಾಗುತ್ತದೆ. ಆ ಹೊಸ ದನಿ ಒಳ್ಳೆಯದೇ ಆಗಿರಬಹುದು. ಆದರೆ ಮನೆಯವರು ಕೇಳಿ ಬೆಳೆದ ದನಿ ಅದಲ್ಲ.

ದುರಸ್ತಿಗೆ ಕೊಡುವ ಮೊದಲು ಕಾನೂನಿನ ಎರಡು ಮಾತುಗಳನ್ನು ಗಮನಿಸಬೇಕು. ಹಳೆಯ ತಂಬೂರಿಗಳಲ್ಲಿ ಕುದುರೆ ಅಥವಾ ಅಲಂಕಾರದ ಪಟ್ಟಿ ಆನೆಯ ದಂತದ್ದಾಗಿರುವ ಸಂಭವವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ದಂತದ ವ್ಯಾಪಾರ ನಿಷಿದ್ಧ. ದಂತವಿರುವ ವಾದ್ಯವನ್ನು ಹಳೆಯ ಸಾಮಾನಿನವನಿಗೆ ಮಾರಿದರೆ ಮಾರಿದವನೂ ತೊಡಕಿಗೆ ಸಿಲುಕಬಹುದು. ಸಂದೇಹವಿದ್ದರೆ ಅರಣ್ಯ ಇಲಾಖೆಯನ್ನು ವಿಚಾರಿಸುವುದು ಕ್ಷೇಮ. ಹೊಸ ಕುದುರೆಗೆ ಇಂದು ಒಂಟೆಯ ಎಲುಬು, ಕರಿಮರ, ಕೃತಕ ವಸ್ತುಗಳು ಬಳಕೆಯಲ್ಲಿವೆ.

ಇನ್ನೊಂದು ಮಾತು ವಾದ್ಯವನ್ನು ಒಪ್ಪಿಸುವುದಕ್ಕೆ ಸಂಬಂಧಿಸಿದ್ದು. ದುರಸ್ತಿಗೆಂದು ವಸ್ತುವನ್ನು ಕೊಟ್ಟು, ಕೆಲಸವಾದ ಮೇಲೆ ಮರಳಿ ಪಡೆಯುವ ವ್ಯವಹಾರಕ್ಕೆ 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಸ್ಪಷ್ಟವಾದ ನಿಯಮಗಳಿವೆ. ಕೊಡುವವನು ತನಗೆ ತಿಳಿದ ದೋಷಗಳನ್ನು ಮರೆಮಾಚಬಾರದೆಂಬ ತತ್ವ 150ನೆಯ ಕಲಮಿನಲ್ಲಿದೆ. ಹಿಂದೆ ಯಾರೋ ಮೊಳೆ ಹೊಡೆದಿದ್ದರೆ, ಬಿಳಿ ಅಂಟು ಹಾಕಿದ್ದರೆ, ಅದನ್ನು ಮೊದಲೇ ಹೇಳುವುದು ಧರ್ಮ. ಪಡೆದವನು ಸಾಮಾನ್ಯ ವಿವೇಕಿಯೊಬ್ಬನು ತನ್ನ ಸ್ವಂತ ವಸ್ತುವಿಗೆ ತೋರುವಷ್ಟು ಜತನವನ್ನು ತೋರಬೇಕೆಂದು 151ನೆಯ ಕಲಮು ಹೇಳುತ್ತದೆ. ಕೈಕೆಲಸ ಮಾಡಿದವನು ತನ್ನ ಮಜೂರಿ ಸಲ್ಲುವವರೆಗೆ ಆ ವಸ್ತುವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, 170ನೆಯ ಕಲಮಿನಂತೆ ಅವನಿಗಿದೆ. ಆದುದರಿಂದ ಕೊಡುವಾಗಲೇ ಒಂದು ಚೀಟಿಯಲ್ಲಿ ವಾದ್ಯದ ಸ್ಥಿತಿ, ಮಾಡಬೇಕಾದ ಕೆಲಸ, ಒಪ್ಪಿದ ಮಜೂರಿ, ಮರಳಿಸುವ ದಿನಗಳನ್ನು ಬರೆದು ಇಬ್ಬರೂ ರುಜು ಮಾಡುವುದು ಒಳ್ಳೆಯದು. ತಬಲಿ ಬದಲಿಸುವ ಮೊದಲು ಮಾಲೀಕನನ್ನು ಕೇಳಬೇಕು, ತೆಗೆದ ಹಳೆಯ ತಬಲಿಯನ್ನು ಮರಳಿ ಕೊಡಬೇಕು ಎಂಬ ಎರಡು ಸಾಲುಗಳು ಆ ಚೀಟಿಯಲ್ಲಿರಲಿ. ಇದು ಅಪನಂಬಿಕೆಯ ಕಾಗದವಲ್ಲ. ಇಬ್ಬರ ಮಾತೂ ಬರಹದಲ್ಲಿದ್ದರೆ ನಾಳೆ ಇಬ್ಬರಿಗೂ ನೆನಪಿನ ಜಗಳವಿರದು.

ಇಷ್ಟೆಲ್ಲ ಶ್ರಮವೇಕೆ, ಮೊಬೈಲಿನಲ್ಲಿಯೇ ತಂಬೂರಿ ನುಡಿಯುತ್ತದಲ್ಲ ಎಂಬ ಪ್ರಶ್ನೆ ಸಹಜ. ಯಂತ್ರದ ಶ್ರುತಿ ತಪ್ಪುವುದಿಲ್ಲ, ಪ್ರಯಾಣಕ್ಕೆ ಹಗುರ, ಒಂಟಿಯಾಗಿ ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಅದು ನಿಜವಾದ ನೆರವು. ಆದರೆ ಯಂತ್ರವು ಶ್ರುತಿಯನ್ನು ಕೊಡುತ್ತದೆ, ಶ್ರುತಿ ಸೇರಿಸುವುದನ್ನು ಕಲಿಸುವುದಿಲ್ಲ. ಬಿರಡೆ ತಿರುವಿ, ಮಣಿ ಸರಿಸಿ, ಜೀವಾಳವನ್ನು ಹದಕ್ಕೆ ತಂದು, ಎರಡು ತಂತಿಗಳು ಒಂದಾಗುವ ಕ್ಷಣವನ್ನು ಕಿವಿಯಿಂದ ಹಿಡಿಯುವ ಮಗುವಿಗೆ ಸಿಗುವ ವಿದ್ಯೆ ಬೇರೆಯೇ. ಕನ್ನಡ ಶಾಲೆಯ ಗೋಡೆಯ ಹೊರಗೆ ಮರಾಠಿ, ಹಿಂದಿ, ದಖನಿ ಮಾತುಗಳ ನಡುವೆ ಬೆಳೆಯುವ ಮಕ್ಕಳಿಗೆ ಸೂಕ್ಷ್ಮವಾಗಿ ಆಲಿಸುವ ಕಿವಿ ಒಂದು ಆಸ್ತಿ.

ಇದಕ್ಕಿಂತ ದೊಡ್ಡ ಪ್ರಶ್ನೆ ಕುಶಲಕರ್ಮಿಯದು. ಹೊಸ ವಾದ್ಯ ಕೊಳ್ಳುವವರು ಎಲ್ಲ ಕಾಲದಲ್ಲಿಯೂ ಕೆಲವರೇ. ವಾದ್ಯಗಾರನ ಒಲೆಯನ್ನು ಉರಿಸುವುದಕ್ಕೂ ಅವನ ಮಗನು ಅದೇ ಕೆಲಸ ಕಲಿಯುವುದಕ್ಕೂ ದುರಸ್ತಿಯ ಕೆಲಸವೇ ದೊಡ್ಡ ಆಸರೆ. ಹೊಸದನ್ನು ಮಾಡುವವನಿಗೆ ತನ್ನ ಕೈಯ ಕೆಲಸ ಮಾತ್ರ ಗೊತ್ತು. ನೂರು ವರ್ಷದ ತಬಲಿಯನ್ನು ಬಿಚ್ಚಿ ನೋಡಿದವನಿಗೆ ತನ್ನ ಮುತ್ತಜ್ಜನ ಕೈಯ ಕೆಲಸವೂ ತಿಳಿಯುತ್ತದೆ. ಭೌಗೋಳಿಕ ಸೂಚಿಯ ಪ್ರಮಾಣಪತ್ರವು ಹೆಸರನ್ನು ಕಾಯಬಲ್ಲದು. ಕೈಗೆ ಕೆಲಸ ಕೊಡುವವರು ಜನ.

ಆದುದರಿಂದ ಈ ಭಾಗದ ಕುಟುಂಬಗಳು ಮಾಡಬೇಕಾದದ್ದು ಹೆಚ್ಚೇನಿಲ್ಲ. ಮೂಲೆಯ ತಂಬೂರಿಯನ್ನು ಪಡುವಣ ಬಿಸಿಲು ಬೀಳುವ ಗೋಡೆಯಿಂದ ಬೇರೆಡೆಗೆ ಸರಿಸಲಿ. ಹರಿದ ಗವುಸಿನ ಬದಲು ಹತ್ತಿಬಟ್ಟೆಯ ಗವುಸನ್ನು ಹೊಲಿಸಲಿ. ಬಹುದಿನ ನುಡಿಸದಿದ್ದರೆ ತಂತಿಗಳನ್ನು ತುಸು ಸಡಿಲಿಸಿಡಲಿ. ಮಕ್ಕಳಿಂದಲೇ ತಬಲಿಯನ್ನು ತಟ್ಟಿಸಿ, ಅಳತೆ ಹಿಡಿಸಿ, ತಾರೀಖಿನೊಡನೆ ಚೀಟಿ ಬರೆಸಲಿ. ಮುಂದಿನ ಆಷಾಢದಲ್ಲಿ ವಾರಿಗಾಗಿ ಪಂಢರಪುರಕ್ಕೆ ಹೋಗುವವರು ಮನೆಯಲ್ಲಿದ್ದರೆ, ಆ ಚೀಟಿಯನ್ನೂ ತಬಲಿಯ ಒಂದೆರಡು ಚಿತ್ರಗಳನ್ನೂ ಜೊತೆಗೆ ಒಯ್ಯಲಿ. ಅಲ್ಲಿಂದ ಮಿರಜಕ್ಕೆ ರೈಲಿದೆ. ವಾದ್ಯವನ್ನು ಹೊತ್ತು ಹೋಗುವ ಮೊದಲು ಬಲ್ಲವನೊಬ್ಬನ ಅಭಿಪ್ರಾಯವನ್ನು ಕೇಳಿ ಬರಲು ಅಷ್ಟು ಸಾಕು. ಮಾರುವುದೋ, ದುರಸ್ತಿ ಮಾಡಿಸುವುದೋ, ಇದ್ದಂತೆಯೇ ಬಿಡುವುದೋ ಎಂಬ ತೀರ್ಮಾನ ಆಮೇಲೆ ಆಗಲಿ.